ಮಾಚಿಯ ಉಸುರುಬಂಡೆ

ಪಡುಗಡಲು ಸಹ್ಯಾದ್ರಿಯ ಪಾದವನ್ನು ಇನ್ನೂ ಹತ್ತಿರದಿಂದ ತೊಳೆಯುತ್ತಿದ್ದ ಕಾಲವೊಂದರಲ್ಲಿ, ಕರಿಮೊನೆಯೆಂಬ ಈ ಶಿಲಾಮಯ ತೀರದಲ್ಲಿ ಬಂಡೆಗಂಟಿದ ಚಿಪ್ಪುಗಳನ್ನು ಕೆತ್ತಿ ಜೀವಿಸುತ್ತಿದ್ದ ಮಾಚಿಯೆಂಬ ಸಾಧ್ವಿಯ ಪತಿ ಕೊಗ್ಗನು ಮತ್ಸ್ಯಾರ್ಥವಾಗಿ ಸಮುದ್ರಕ್ಕಿಳಿದವನು ಮರಳಲಿಲ್ಲ. ಶವ ದೊರೆಯದಿದ್ದರೆ ದರ್ಭೆಯ ಬೊಂಬೆಯನ್ನು ದಹಿಸಿ, ತಿಲೋದಕವಿತ್ತು, ಅಂದಿನಿಂದ ಹೋದವನ ಹೆಸರನ್ನು ಯಾರೂ ಉಚ್ಚರಿಸದಿರುವುದು ಆ ಊರಿನ ಕಟ್ಟಳೆಯಾಗಿತ್ತು.

"ಅಂವ ಇನ್ ಬತ್ತಿಲ್ಲೆ ಮಾಚಿ, ಎಳ್ಳ್‌ನೀರ್ ಬಿಟ್ಬಿಡ್," ಎಂದನು ಊರ ಹಿರಿಯನಾದ ಗುರಿಕಾರ.

"ಹೆಣ ಕಂಡದ್ ಯಾರ್?" ಎಂದಳು ಆಕೆ.

ಉತ್ತರವಿಲ್ಲದ ದೊಡ್ಡವರು ಮಾಡುವುದನ್ನೇ ಮಾಡಿ, ಗುರಿಕಾರನು ಆಕೆಯನ್ನು ಊರಿನಿಂದ ಹೊರಗಿಟ್ಟನು.

ದ್ವಾದಶ ಸಂವತ್ಸರಗಳು ಬಂಡೆಯ ಮೇಲಿನ ಗುಡಿಸಲಿನಲ್ಲಿ, ಕೆಂಡ ಕೇಳಲೂ ನೆರೆಮನೆಯಿಲ್ಲದೆ, ಸಾಯಂಸಂಧ್ಯೆಯಲ್ಲಿ ಗಂಡನ ಹೆಸರನ್ನು ತಾನೇ ಕೂಗಿ ತಾನೇ ಓಗೊಡುತ್ತಿದ್ದ ಆ ತಾಯಿಯ ಒಂಟಿತನವನ್ನು ನೆನೆದರೆ ಕರುಳು ಚುರುಕ್ಕೆನ್ನುತ್ತದೆ. ಅಮಾವಾಸ್ಯೆಯಿಂದ ದಿನಕ್ಕೊಂದು ಚಿಪ್ಪು ಜೋಡಿಸಿ, ದಿನದಿನಕ್ಕೂ ತಡವಾಗುವ ಇಳಿತದ ವೇಳೆಯನ್ನು ಎಣಿಸುವುದು ಆಕೆಯ ಕ್ರಮ. ಒಂದು ಪಕ್ಷದಲ್ಲಿ ತಿಥಿಯೊಂದು ಎರಡು ಸೂರ್ಯೋದಯಗಳನ್ನು ವ್ಯಾಪಿಸಲು, ಪಂಚಾಂಗ ಹೇಳುವವರಿಲ್ಲದ ಮಾಚಿಯ ಲೆಕ್ಕ ಒಂದು ದಿನ ಮುಂದೋಡಿತು. ಇಳಿತವಿನ್ನೂ ಉಳಿದಿದೆಯೆಂದು ಬಂಡೆಯಡಿಯ ಗುಹೆಯನ್ನು ಹೊಕ್ಕವಳ ಬೆನ್ನಿಗೇ ಉಬ್ಬರವೂ ಹೊಕ್ಕಿತು.

ನೀರು ಕಂಠಕ್ಕೇರಿದಾಗಲೂ ಆಕೆ ಪ್ರಾಣಭಿಕ್ಷೆ ಬೇಡಲಿಲ್ಲ. ತಾನು ಮುಳುಗಿದರೆ ಕೊಗ್ಗನೆಂದು ಕರೆಯುವ ಬಾಯಿ ಲೋಕದಲ್ಲಿ ಉಳಿಯದಲ್ಲಾ ಎಂದು ಮಾತ್ರ ಅತ್ತಳು. ಆಗ ಗುಹಾಂತರಾಳದಿಂದ ಜಲಧೀಶ್ವರನ ವಾಣಿಯಾಯಿತು: "ಮಗಳೇ, ನಿನ್ನ ಪತಿ ನನ್ನಲ್ಲಿರುವನು, ಮರಳಲಾರನು. ಆತನ ಹೆಸರನ್ನು ಉಬ್ಬರ ಉಬ್ಬರಕ್ಕೂ ನಾನೇ ಕರೆಯುವೆನು. ಇನ್ನು ನೀನು ವಿಶ್ರಮಿಸು." ತತ್‌ಕ್ಷಣವೇ ಗುಹೆಯ ನೆತ್ತಿ ಸೀಳಿ, ಗಾಳಿಯೂ ನೀರೂ ಏಕವಾಗಿ ಗಗನಕ್ಕೆ ಚಿಮ್ಮಿ, ಆ ಮಹಾನಾದವು ಊರಿನ ಮನೆಮನೆಯನ್ನೂ ನಡುಗಿಸಿತು.

ಇಳಿತದಲ್ಲಿ ಓಡಿಬಂದ ಜನಕ್ಕೆ ಮಾಚಿ ದೊರೆಯಲಿಲ್ಲ, ಚಿಪ್ಪು ತುಂಬಿದ ಬುಟ್ಟಿ ದೊರೆಯಿತು. ಗುರಿಕಾರನು ತಾನೇ ನಿಷೇಧಿಸಿದ್ದ ಕೊಗ್ಗನ ಹೆಸರನ್ನು ಬಾಯ್ತುಂಬ ಕೂಗಿ ಗೋಳಾಡಿದನು.

ಇಂದಿಗೂ ಉಬ್ಬರದಲ್ಲಿ ಉಸುರುಬಂಡೆಯ ನೆತ್ತಿಯ ಆ ರಂಧ್ರವು ಮೊರೆದು ನೀರು ಚಿಮ್ಮಿಸುವುದನ್ನು ಭಕ್ತಾದಿಗಳು ಕಣ್ಣಾರೆ ಕಾಣಬಹುದು. ಕಡಲಿಗೆ ಹೋದವನು ಬಾರದಿದ್ದರೆ, ಮನೆಯಾಕೆ ತಾನಾಗಿ ಒಪ್ಪುವವರೆಗೆ ಕರಿಮೊನೆಯಲ್ಲಿ ತಿಲೋದಕವಿಲ್ಲ. ಶ್ರಾವಣ ಹುಣ್ಣಿಮೆಯ ಸಮುದ್ರಪೂಜೆಯಂದು ಅಂಥ ಮನೆಯಾಕೆಯರನ್ನು ಅರ್ಚಕರು ಈ ಬಂಡೆಯ ಬಳಿಯಲ್ಲಿ ತಿಲೋದಕಕ್ಕೆ ಒಪ್ಪಿಗೆಯೇ ಎಂದು ಒಮ್ಮೆ ಕೇಳುತ್ತಾರೆ. ಮೂವತ್ತೊಂದು ವರ್ಷಗಳಿಂದ ಬರುತ್ತಿರುವ ಒಬ್ಬ ವೃದ್ಧೆಯನ್ನು ಈಗ ಅವರು ಕೇಳುವುದೂ ಇಲ್ಲ. ಪ್ರಸಾದವನ್ನು ಎರಡು ಪಾಲು ಮಾಡಿ ಆಕೆಯ ಸೆರಗಿಗೆ ಹಾಕುತ್ತಾರೆ.