ವಂಶಾವಳಿ ಟೈಪು ಮಾಡಿದವನು

ಊರಿಗೆ ಹೋಗಿ ಬಂದ ನಿರುಪಾದಿ ಗುರುಗಳ ಮುಂದೆ ಕುಳಿತು ಕೇಳಿದ:

"ಅಜ್ಜಾರ, ಹನ್ನೆರಡು ವರ್ಷ ಈ ಮಠದಾಗ ಯಾರ ಮ್ಯಾಲೂ ದನಿ ಏರಿಸಿಲ್ಲ ನಾನು. ಅಣ್ಣನ ಮನ್ಯಾಗ ಮೂರನೇ ದಿನಕ್ಕ ಅತ್ತಿಗಿ ಅಳೂ ಹಂಗ ಬೈದುಬಿಟ್ಟೆ. ತಪ್ಪು ಆ ಮನೀದೋ, ನಂದೋ?"

ತಪ್ಪು ಮನೆಯದೆಂದು ಗುರುಗಳು ಹೇಳಿದರೆ ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಅವನು ಆಗಲೇ ನಿಶ್ಚಯಿಸಿದ್ದ. ಯಾವ ಉತ್ತರ ಬರಬೇಕೆಂಬುದೂ ಅವನ ಮನಸ್ಸಿನಲ್ಲಿ ಸಿದ್ಧವಿತ್ತು. ಗುರುಗಳು ಉತ್ತರ ಕೊಡಲಿಲ್ಲ, ಕತೆ ಹೇಳಿದರು.

ಒಬ್ಬ ಹೆಳವನಿದ್ದ. ಊರೂರು ತಿರುಗಿ ಮನೆತನಗಳ ವಂಶಾವಳಿ ಓದಿ ಹೇಳುವುದು, ಜನ ಕೊಟ್ಟ ಕಾಳು ಕಟ್ಟಿಕೊಂಡು ಬರುವುದು ಅವನ ಕಸುಬು. ಅಜ್ಜಂದಿರ ಕಾಲದ ಹೊತ್ತಿಗೆಗೆ ಹುಳ ಬಿತ್ತು. ಆತ ಒಬ್ಬ ಟೈಪಿಸ್ಟನ ಬಳಿ ಹೋಗಿ, ಒಂದು ದೊಡ್ಡ ಮನೆತನದ ಏಳು ತಲೆಮಾರನ್ನು ಕಂಪ್ಯೂಟರಿನಲ್ಲಿ ಹಾಕಿಸಿದ. ಅಪ್ಪನ ಹೆಸರಿನ ಕೆಳಗೆ ಮಕ್ಕಳ ಹೆಸರು ನೇರವಾಗಿ ನಿಲ್ಲಬೇಕು. ಯಾರು ಯಾರ ಮಗ ಎಂಬುದಕ್ಕೆ ಅದರಲ್ಲಿ ಬೇರೆ ಗುರುತಿಲ್ಲ.

ಟ್ಯಾಬ್ ಎಂಬ ಕೀ ಒತ್ತಿದರೆ ಹೆಸರು ಗೊತ್ತುಮಾಡಿದ ಜಾಗಕ್ಕೇ ಹೋಗಿ ನಿಲ್ಲುತ್ತದೆ ಎಂದು ಟೈಪಿಸ್ಟನಿಗೆ ಕಲಿಸಿದ್ದರು. ಆದರೆ ಮೊದಲು ಆ ಜಾಗ ಗೊತ್ತುಮಾಡುವ ರಗಳೆ ಯಾರಿಗೆ ಬೇಕು? ಅವನು ಕಣ್ಣಳತೆಯಲ್ಲಿ, ಖಾಲಿ ಜಾಗ ಬಿಡುವ ಸ್ಪೇಸ್ ಬಾರ್ ಒತ್ತುತ್ತ ಹೋದ. ಪರದೆಯ ಮೇಲೆ ಎಲ್ಲ ಗೆರೆ ಎಳೆದ ಹಾಗೆ ನೇರವಾಗಿತ್ತು. ಹೆಳವ ನೋಡಿ ಸಂತೋಷಪಟ್ಟ.

ಅದನ್ನು ಅಚ್ಚಿಗೆ ಕೊಟ್ಟ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಅಕ್ಷರಗಳ ಅಳತೆ ಬೇರೆ. ಅಲ್ಲಿ ಹೆಸರುಗಳು ಸರಿದವು. ಯಾರೂ ಗಮನಿಸದೆ ಹಾಗೇ ಅಚ್ಚಾಯಿತು. ಹೆಳವ ಆ ಮನೆತನದ ಅಂಗಳದಲ್ಲಿ ಪುಸ್ತಕ ಬಿಡಿಸಿದರೆ, ಹಿರಿಯಣ್ಣನ ಮಕ್ಕಳು ಕಿರಿಯವನ ಕೆಳಗೆ. ಮಕ್ಕಳಿಲ್ಲದೆ ತೀರಿಕೊಂಡವನಿಗೆ ಮೂವರು ಗಂಡುಮಕ್ಕಳು. ಯಜಮಾನ ಪುಸ್ತಕ ಮುಚ್ಚಿ ವಾಪಸು ಕೊಟ್ಟ. ಆ ಊರಿನಲ್ಲಿ ಹೆಳವನಿಗೆ ಒಂದು ಹಿಡಿ ಕಾಳೂ ಹುಟ್ಟಲಿಲ್ಲ.

ಅವನು ನೇರ ಟೈಪಿಸ್ಟನ ಮುಂದೆ ಬಂದು ನಿಂತ. ಏಳು ತಲೆಯಿಂದ ತಮ್ಮವರು ಸಂಬಂಧ ತಪ್ಪಾಗಿ ಹೇಳಿದವರಲ್ಲ, ಇನ್ನು ತನ್ನ ಮಾತನ್ನು ಯಾರು ನಂಬುತ್ತಾರೆ ಎಂದು ಕಣ್ಣೀರು ಹಾಕಿದ. ಟೈಪಿಸ್ಟ್ ಜಗ್ಗಲಿಲ್ಲ. ತನ್ನಲ್ಲಿ ಎಲ್ಲ ಸರಿಯಿತ್ತು, ಕೆಡಿಸಿದ್ದು ಮುದ್ರಣಾಲಯದ ಯಂತ್ರ ಎಂದು ಸಾಧಿಸಿದ.

ಇಬ್ಬರೂ ಅಲ್ಲಿಗೆ ಹೋದರು. ಪುಟ ಜೋಡಿಸುವ ಹೆಂಗಸು ಟೈಪಿಸ್ಟನ ವಾದವನ್ನೆಲ್ಲ ಕೇಳಿ, ಕಾಣದ ಗುರುತುಗಳನ್ನು ಕಾಣಿಸುವ ಗುಂಡಿ ಒತ್ತಿದಳು. ಹೆಸರುಗಳ ನಡುವೆ ಸಾವಿರಾರು ಚುಕ್ಕೆಗಳು ಎದ್ದವು, ಅವನು ಸ್ಪೇಸ್ ಬಾರ್ ಒತ್ತಿದ ಒಂದೊಂದು ಸಲಕ್ಕೆ ಒಂದೊಂದು. ಟ್ಯಾಬಿನ ಗುರುತು ಒಂದೂ ಇರಲಿಲ್ಲ.

"ನಮ್ಮ ಯಂತ್ರ ಇವರನ್ನ ಸರಿಸಿಲ್ಲಪ್ಪಾ," ಎಂದಳು ಅವಳು. "ನೀ ಇವರನ್ನ ಎಲ್ಲೂ ನಿಲ್ಲಿಸೇ ಇಲ್ಲ."

ಟೈಪಿಸ್ಟನಿಗೆ ನಾಚಿಕೆಯಾಯಿತು. ಅಲ್ಲೇ ಕುಳಿತು ಜಾಗ ಗೊತ್ತುಮಾಡಿ, ಮೊದಲನೆಯ ಹೆಸರಿನಿಂದ ಟ್ಯಾಬ್ ಒತ್ತುತ್ತ ಶುರು ಮಾಡಿದ.

ಕತೆ ಮುಗಿಯಿತು. ಎಂಥ ದಡ್ಡನಪ್ಪಾ ಈ ಟೈಪಿಸ್ಟ್ ಎಂದು ನಿರುಪಾದಿ ನಕ್ಕುಬಿಟ್ಟ.

ಗುರುಗಳು ಕೇಳಿದರು: "ಹನ್ನೆರಡು ವರ್ಷ ನೀ ಇಲ್ಲಿ ಒತ್ತಿದ್ದು ಯಾವ ಕೀ, ನಿರುಪಾದಿ?"