ಸೋದರತ್ತೆಯ ಕರೆಂಟು ಗಾಡಿ

ಒಂದಾನೊಂದು ಊರಿನಲ್ಲಿ, ಆ ಊರು ಎಲ್ಲಿದೆ ಎಂದು ಕೇಳುವವರು ಈಗಲೇ ಎದ್ದು ಹೋಗಬಹುದು, ಸರಿಸಮರಾಜ ಎಂಬ ರಾಜನಿದ್ದ. ಅವನಿಗೆ ಎಲ್ಲವೂ ಸಮ ಇರಬೇಕು. ಬಲಗೈಯಲ್ಲಿ ಒಂದು ತುತ್ತು ತಿಂದರೆ ಎಡಗೈಯಲ್ಲಿ ಇನ್ನೊಂದು. ಮೀಸೆಯ ಎಡಬಲ ಸಮ ಮಾಡಲು ಹೋಗಿ, ಆ ಕಡೆ ಒಂಚೂರು ಈ ಕಡೆ ಒಂಚೂರು ಕತ್ತರಿಸುತ್ತ, ಕೊನೆಗೆ ಮೀಸೆಯೇ ಇಲ್ಲದಂತಾದ ಮೇಲೆ ಅವನಿಗೆ ನೆಮ್ಮದಿ.

ಅವನ ಆಸ್ಥಾನದಲ್ಲಿ ಒಬ್ಬ ಹೊಗಳುಭಟ, ಒಬ್ಬ ತೆಗಳುಭಟ. ಊರಿಗೆ ಹೊಸದಾಗಿ ಏನೇ ಬರಲಿ, ಮೊದಲು ಇವರಿಬ್ಬರ ಮುಂದೆ ನಿಲ್ಲಬೇಕು. ಒಂದು ಗುಣಕ್ಕೆ ಹೊಗಳುಭಟ ಒಂದು ಹುಣಸೆ ಬೀಜ ಇಡುತ್ತಾನೆ, ಒಂದು ದೋಷಕ್ಕೆ ತೆಗಳುಭಟ ಒಂದು ಬೀಜ. ಎರಡು ಸಾಲೂ ಸಮವಾಗಿ, ಇಬ್ಬರೂ "ಇನ್ನೇನೂ ಇಲ್ಲ" ಅಂದರೆ ಮಾತ್ರ ವಸ್ತು ಅಲುಗಾಡಬಹುದು. ಹಿಂದೆ ಒಂದು ಸಲ ಹೊಸ ಬೀಸುಕಲ್ಲು ಬಂದಿತ್ತು. ಅದರ ವಿಚಾರಣೆ ಮುಗಿಯುವಷ್ಟರಲ್ಲಿ ಅದನ್ನು ತಂದ ಮನೆಯಲ್ಲಿ ರೊಟ್ಟಿ ಕಡಿಯಲು ಹಲ್ಲಿದ್ದವರೇ ಉಳಿದಿರಲಿಲ್ಲ.

ಆ ಊರಿನ ಬಂಗಾರೆವ್ವನಿಗೆ ಒಬ್ಬನೇ ತಮ್ಮ, ಫಕೀರಪ್ಪ. ಪಕ್ಕದ ಹಳ್ಳಿಯಲ್ಲಿದ್ದ. ಪಕ್ಕ ಅಂದರೆ ಒಂದೇ ಹರದಾರಿ, ಬೆಳಗಿನ ಚಹಾ ಕುಡಿದು ಹೊರಟರೆ ಅಲ್ಲಿ ಎರಡನೇ ಚಹಾ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವನಿಗೆ ಗಂಡುಕೂಸು ಹುಟ್ಟಿತು. ಅವರ ಪದ್ಧತಿ ನಿಮಗೆ ಗೊತ್ತಲ್ಲ, ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ಹೇಳದೆ ಹೆಸರಿಲ್ಲ.

ಬಂಗಾರೆವ್ವ ಹಿಗ್ಗಿ ಹೀರೆಕಾಯಿಯಾದಳು. "ನಡಕೊಂಡು ಬರೂದಿಲ್ಲ. ಮನಿಮಂದಿನೆಲ್ಲಾ ಕರಕೊಂಡು ಹೊಸಾ ಗಾಡ್ಯಾಗ ಬರ್ತೇನಿ" ಎಂದು ತಮ್ಮನಿಗೆ ಹೇಳಿ ಕಳಿಸಿದಳು. ಹೇಳಿದ್ದಾಯಿತು, ಇನ್ನು ನಡೆದು ಹೋದರೆ ಮಾತು ಸುಳ್ಳಾಗುತ್ತದೆ. ಸುಳ್ಳಾಡಿದ ಬಾಯಿಂದ ಬಂದ ಹೆಸರು ಕೂಸಿಗೆ ಅಂಟುವುದಿಲ್ಲ ಎಂಬುದು ಆ ಕಡೆಯವರ ನಂಬಿಕೆ.

ಗಾಡಿ ಬಂತು. ಏಳು ಸೀಟಿನ ದೊಡ್ಡ ಕರೆಂಟು ಗಾಡಿ. ಡೀಸೆಲ್ ಬೇಡ, ಮೊಬೈಲಿನ ಹಾಗೆ ಚಾರ್ಜಿಗೆ ಹಾಕಿದರಾಯಿತು. ಸಾಲದ್ದಕ್ಕೆ ಮಾತೂ ಆಡುತ್ತಿತ್ತು.

"ನಮಸ್ಕಾರ್ರಿ ಅವ್ವಾರ, ಎಲ್ಲಿಗೆ ಹೋಗೂಣು?"

"ತಮ್ಮನ ಊರಿಗೆ. ಕೂಸಿಗೆ ಹೆಸರಿಡಬೇಕು."

"ಬೆಲ್ಟ್ ಹಾಕ್ಕೊಳ್ರಿ."

ಬೆಲ್ಟು ಹಾಕಿಕೊಳ್ಳುವಷ್ಟರಲ್ಲಿ ರಾಜನ ಕಡೆಯವರು ಬಂದು ಅಡ್ಡ ನಿಂತರು. ಗಾಡಿಯನ್ನು ಅರಮನೆಯ ಅಂಗಳಕ್ಕೆ ತಳ್ಳಿ ಗಾಲಿಗೆ ಕಲ್ಲು ಕೊಟ್ಟರು. ವಿಚಾರಣೆ ಶುರುವಾಯಿತು.

"ಈ ಗಾಡಿ ಸಪ್ಪಳ ಮಾಡೂದಿಲ್ಲ," ಅಂದ ಹೊಗಳುಭಟ. ಒಂದು ಬೀಜ.

"ಸಪ್ಪಳ ಇಲ್ಲಂದ್ರ ಕೋಳಿಗೆ ಗೊತ್ತಾಗೂದು ಹೆಂಗ?" ಅಂದ ತೆಗಳುಭಟ. ಒಂದು ಬೀಜ.

ರಾಜ ಕೋಳಿಗಳ ಮೇಲೆ ಕರುಣೆ ತೋರಿ, ಗಾಡಿಯ ನೆತ್ತಿಯ ಮೇಲೆ ಒಬ್ಬ ಹಲಗೆ ಬಾರಿಸುವವನನ್ನು ಕೂರಿಸಿದ.

"ಹೊಗಿ ಬಿಡೂದಿಲ್ಲ," ಅಂದ ಹೊಗಳುಭಟ.

"ಹೊಗಿ ಇಲ್ಲಂತ ಸೊಳ್ಳಿ ಹೆಚ್ಚಾಗ್ಯಾವ," ಅಂದ ತೆಗಳುಭಟ ಕಾಲು ಕೆರೆದುಕೊಳ್ಳುತ್ತ.

ಗಾಡಿಯ ಹಿಂದೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತ ಓಡಲು ಒಬ್ಬನನ್ನು ನೇಮಿಸಲಾಯಿತು.

ಆಮೇಲೆ ಹಿಂದಿನ ಸಾಲಿನ ಸೀಟು. ತೆಗಳುಭಟ ಅದರಲ್ಲಿ ತೂರಿಕೊಂಡು, "ಇಲ್ಲಿ ಕುಂತ್ರ ಮೊಣಕಾಲು ಗದ್ದಕ್ಕ ಬಡೀತಾವ" ಅಂದ. ಹೊಗಳುಭಟ ಸುಮ್ಮನಿರುತ್ತಾನೆಯೇ? "ಅದಽ ಅನುಕೂಲ. ಗದ್ದ ಮೊಣಕಾಲ ಮ್ಯಾಲೆ ಇಟ್ಟು ಮಲಗಬಹುದು, ದಿಂಬು ಬ್ಯಾಡ." ಇದನ್ನು ಪರೀಕ್ಷಿಸಲು ರಾಜ ಸ್ವತಃ ಕೂತು ಮಲಗಿದ. ಎರಡು ತಿಂಗಳು ಏಳಲಿಲ್ಲ. ರಾಜ ಮಲಗಿದ್ದಾಗ ಬೀಜ ಇಡುವ ಹಾಗಿಲ್ಲ.

ಅಷ್ಟರಲ್ಲಿ ಫಕೀರಪ್ಪನಿಂದ ಸುದ್ದಿ ಬಂತು. "ಅಕ್ಕಾ, ಕೂಸಿಗೆ ಹಲ್ಲು ಬಂದಾವು. ಇನ್ನೂ ಹೆಸರಿಲ್ಲ."

"ಇವತ್ತ ಮುಗೀತೈತಿ, ನಾಳೆ ಮುಗೀತೈತಿ," ಎಂದು ಬಂಗಾರೆವ್ವ ಹೇಳಿ ಕಳಿಸಿದಳು. ದಿನಾ ಹೊಸ ಸೀರೆ ಉಟ್ಟು, ಅಂಗಳಕ್ಕೆ ಬಂದು, ಬೆಲ್ಟು ಹಾಕಿಕೊಂಡು ಕೂರುತ್ತಿದ್ದಳು. ಸಂಜೆ ಬಿಚ್ಚಿಕೊಂಡು ಮನೆಗೆ. ಕೂಸಿಗೆಂದು ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು ಮರೆಯಬಾರದೆಂದು ದಿನಕ್ಕೊಂದು ಸಲ ಒಲೆಗೆ ಹೇಳುತ್ತಿದ್ದಳು. ಒಲೆ ಒಳ್ಳೆಯದು, ಯಾರಿಗೂ ಬಾಯಿಬಿಡಲಿಲ್ಲ.

ನಾಲ್ಕನೆಯದು ದೊಡ್ಡ ರಗಳೆ. ಒಂದು ಸಲ ಚಾರ್ಜ್ ಮಾಡಿದರೆ ನೂರು ಹರದಾರಿ ಎಂದು ಗಾಡಿಯ ಜೊತೆ ಬಂದ ಕಾಗದದಲ್ಲಿ ಬರೆದಿತ್ತು.

"ಖರೇ ಹೇಳು, ಎಷ್ಟು ಹೋಗ್ತಿ?" ಎಂದು ತೆಗಳುಭಟ ಗಾಡಿಯನ್ನೇ ಕೇಳಿದ.

ಗಾಡಿಗೆ ಸುಳ್ಳು ಬರುತ್ತಿರಲಿಲ್ಲ. "ಕಾಗದದ ಮ್ಯಾಲೆ ನೂರ್ರಿ. ರಸ್ತೆದ ಮ್ಯಾಲೆ ಎಪ್ಪತ್ತು. ಏಸಿ ಹಾಕಿ ಎಲ್ಲಾರೂ ಕುಂತ್ರ ಅರವತ್ತು."

"ಹಂಗಾದ್ರ ರಸ್ತೆಗೆ ಕಾಗದ ಹಾಸ್ರಿ," ಅಂದ ರಾಜ.

ಹಾಸಿದರು. ಮೂರು ವರ್ಷ ಹಾಸಿದರು. ಮುಂದೆ ಹಾಸುತ್ತ ಹೋದಂತೆ ಹಿಂದಿನಿಂದ ಆಡುಗಳು ತಿನ್ನುತ್ತ ಬಂದವು. ಆಡುಗಳು ಕೊಬ್ಬಿದ್ದು ಗುಣ ಎಂದು ಹೊಗಳುಭಟ ಬೀಜ ಇಟ್ಟ. ಆಡಿನ ಹಾಲು ಶಾಯಿ ವಾಸನೆ ಹೊಡೆಯುತ್ತದೆ ಎಂದು ತೆಗಳುಭಟ ಬೀಜ ಇಟ್ಟ.

"ಅಕ್ಕಾ, ಹುಡುಗನ್ನ ಸಾಲಿಗೆ ಹಾಕೀವಿ. ಹಾಜರಿ ಪುಸ್ತಕದಾಗ 'ಫಕೀರಪ್ಪನ ಇವ' ಅಂತ ಬರದಾರ," ಎಂದು ಫಕೀರಪ್ಪ ಮತ್ತೆ ಹೇಳಿ ಕಳಿಸಿದ.

ಬಂಗಾರೆವ್ವ ಬೆಲ್ಟು ಬಿಚ್ಚಿ ಗಾಡಿಯಿಂದ ಇಳಿದಳು. ಅವಳು ರಾಜನ ಮುಂದೆ ಹೋಗಿ ನಿಂತಳು. "ದೊರಿ, ನಾ ಹೋಗೂದು ಒಂದ ಹರದಾರಿ. ಎಪ್ಪತ್ತು ಹೋದ್ರೂ ಸಾಕು, ನೂರು ಹೋದ್ರೂ ಸಾಕು. ಎರಡು ಹೋದ್ರ ತಿರುಗಿ ಮನಿಗೆ ಬರ್ತೇನಿ."

"ನೀ ಎಲ್ಲಿ ಹೋಗ್ತಿ ಅನ್ನೂದು ಇಲ್ಲಿ ಪ್ರಶ್ನೆ ಅಲ್ಲವ್ವಾ," ಅಂದ ರಾಜ ಬಹಳ ಮರ್ಯಾದೆಯಿಂದ. "ಗಾಡಿ ಹೆಂಗೈತಿ ಅನ್ನೂದು ಪ್ರಶ್ನೆ."

ಪ್ರಶ್ನೆ ಮುಂದುವರಿಯಿತು. ಚಾರ್ಜಿಗೆ ಎಂಟು ತಾಸು ಬೇಕು, ದೋಷ. ಆ ಎಂಟು ತಾಸು ಬೀಗರು ಎದ್ದು ಹೋಗುವಂತಿಲ್ಲ, ಗುಣ. ಬೀಗರು ಎದ್ದು ಹೋಗುವುದಿಲ್ಲ, ದೋಷ. ಹಿಂದೆ ಎಂಟು ಮೂಟೆ ಜೋಳ ಹಿಡಿಯುತ್ತದೆ, ಗುಣ. ಹಿಡಿಯುತ್ತದೆ ಅಂತ ಅತ್ತೆಯ ಮನೆಯವರು ಎಂಟು ಮೂಟೆ ಹೇರುತ್ತಾರೆ, ದೋಷ. ಹೀಗೆ ವರ್ಷಗಳು ಉರುಳಿದವು. ಹಲಗೆಯವನು ಮುದುಕನಾಗಿ ಮಗನಿಗೆ ಹಲಗೆ ಕೊಟ್ಟು ಇಳಿದ. ಬಂಗಾರೆವ್ವನ ತಲೆ ಬೆಳ್ಳಗಾಯಿತು. ಗಾಡಿ ಮಾತ್ರ ದಿನಾ ಬೆಳಿಗ್ಗೆ, "ನಮಸ್ಕಾರ್ರಿ ಅವ್ವಾರ, ಎಲ್ಲಿಗೆ ಹೋಗೂಣು?" ಎಂದು ಹೊಸದಾಗಿ ಕೇಳುತ್ತಿತ್ತು. ಅವಳು ದಿನಾ ಹೊಸದಾಗಿ ಹೇಳುತ್ತಿದ್ದಳು.

ಇಪ್ಪತ್ತೆರಡು ವರ್ಷ ಕಳೆದ ಮೇಲೆ ಒಂದು ಸೋಮವಾರ ಎರಡು ಸಾಲಿನಲ್ಲೂ ನೂರೊಂದು ಬೀಜ ಆದವು. "ಇನ್ನೇನೂ ಇಲ್ಲ," ಅಂದ ಹೊಗಳುಭಟ. "ನಂದೂ ಮುಗೀತು," ಅಂದ ತೆಗಳುಭಟ. ರಾಜ ಗಾಲಿಯ ಕಲ್ಲು ತೆಗೆಯಲು ಕೈ ಎತ್ತಿದ.

ಅಷ್ಟರಲ್ಲಿ ಅಂಗಳಕ್ಕೆ ಒಬ್ಬ ಎತ್ತರದ ಗಂಡಸು ಬಂದ. ಕಾಲು ತುಂಬ ಧೂಳು.

"ಅತ್ತಿ, ನಾನಽ ಬಂದೆ. ನನ್ನ ಮದಿವಿ ಐತಿ. ಲಗ್ನಪತ್ರಿಕಿ ಅಚ್ಚು ಹಾಕಿಸೀವಿ, ಚಿರಂಜೀವಿ ಅಂತ ಬರದು ಮುಂದ ಜಾಗಾ ಖಾಲಿ ಬಿಟ್ಟಾರ. ಹೆಣ್ಣಿನವ್ರು ಯಾರಿಗೆ ಕೊಡಾಕತ್ತೀವಿ ಅಂತ ಕೇಳಾಕತ್ತಾರ."

ಬಂಗಾರೆವ್ವ ಅವನ ಮುಖ ನೋಡಿದಳು. ತಮ್ಮನದೇ ಮೂಗು. ತೊಟ್ಟಿಲಲ್ಲಿ ನೋಡಬೇಕಾಗಿದ್ದ ಮುಖವನ್ನು ತಲೆ ಎತ್ತಿ ನೋಡಬೇಕಾಯಿತಲ್ಲ ಎಂದು ಅವಳಿಗೆ ಅಳು ಬಂತು. ಕಿವಿ ಎಟುಕಲಿಲ್ಲ. ಗಾಡಿಯ ಪಕ್ಕದ ಮೆಟ್ಟಿಲ ಮೇಲೆ ಹತ್ತಿದಳು, ಆಗ ಸರಿಯಾಗಿ ಎಟುಕಿತು. ಎರಡೂ ಕೈ ಅಡ್ಡ ಹಿಡಿದು ಅವನ ಕಿವಿಯಲ್ಲಿ "ಅಡಿವೆಪ್ಪ" ಅಂದಳು. ಹೆಂಗಸರು ಓಡಿ ಬಂದು ಪದ್ಧತಿಯಂತೆ ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿದರು.

"ನಿಲ್ರಿ," ಅಂದ ಹೊಗಳುಭಟ. "ಈ ಗಾಡಿ ಸೋದರತ್ತಿಗೆ ಅಳಿಯನ ಕಿವಿ ಎಟಕಸ್ತೈತಿ. ಇದು ಹೊಸಾ ಗುಣ." ಅವನು ನೂರ ಎರಡನೇ ಬೀಜ ಇಟ್ಟ.

ರಾಜನ ಮುಖ ಸಪ್ಪಗಾಯಿತು. ಸಮ ಕೆಟ್ಟಿತು. ಎತ್ತಿದ ಕೈ ಇಳಿಯಿತು. ಎಲ್ಲರೂ ತೆಗಳುಭಟನ ಕಡೆ ನೋಡಿದರು. ಅವನು ಗಾಡಿಯ ಸುತ್ತ ಮೂರು ಸುತ್ತು ಹಾಕಿದ, ಅಡಿಗೆ ತೂರಿ ನೋಡಿದ, ಗಾಲಿ ಮೂಸಿದ. ಸಂಜೆಯ ಹೊತ್ತಿಗೆ ಅವನ ಮುಖ ಅರಳಿತು.

"ಸಿಕ್ತು ದೊರಿ. ಒಂದು ಹರದಾರಿ ಹೋಗಾಕ ಈ ಗಾಡಿ ಇಪ್ಪತ್ತೆರಡು ವರ್ಷ ತಗೊಂಡೈತಿ. ಆದ್ರೂ ಮುಟ್ಟಿಲ್ಲ."

"ಇಷ್ಟು ದೊಡ್ಡ ದೋಷ ಇಷ್ಟು ದಿನ ಯಾಕ ಕಾಣಲಿಲ್ಲ?" ಎಂದು ರಾಜ ಅವನನ್ನು ಗದರಿಸಿ, ಸಮಾಧಾನದಿಂದ ಕಲ್ಲು ತೆಗೆಸಿದ.

ಗಾಡಿ ಬಾಗಿಲು ತೆರೆದು, "ಬೆಲ್ಟ್ ಹಾಕ್ಕೊಳ್ರಿ" ಅಂದಿತು. ಒಳಗೆ ಯಾರೂ ಇರಲಿಲ್ಲ. ಹೆಸರು ಅಂಟಿದ ಮೇಲೆ ನಡೆಯಲು ಅಡ್ಡಿಯೇನು, ಅತ್ತೆ ಅಳಿಯ ನಡೆದು ಊರು ಮುಟ್ಟಿ, ಕೈಕಾಲು ತೊಳೆದು, ಮದುವೆಯ ಅಕ್ಕಿ ಆರಿಸಲು ಕೂತಿದ್ದರು.

ನೀತಿ ಬೇಕು ಅನ್ನುವವರು ಅರಮನೆಗೆ ಅರ್ಜಿ ಕೊಡಿ, ಅದರ ಗುಣದೋಷ ನೋಡಿ ತಿಳಿಸುತ್ತಾರೆ. ಅವರು ಅಲ್ಲಿ ಮದುವೆ ಊಟ ಮಾಡಿದರು, ನಾವು ಇಲ್ಲಿ ಕೂತು ಕೂತು ಕಾಲು ಜೋಮು ಹಿಡಿಸಿಕೊಂಡೆವು. ಏಳಿ, ನಡೆಯೋಣ.