ಹಳದಿ ವಿಮಾನಕ್ಕೆ ಬೂದು ಬಣ್ಣ ಬಳಿದವರು

ದುರುಗವ್ವನನ್ನು ಬಚ್ಚಿಟ್ಟದ್ದು ತಪ್ಪು. ಅವಳನ್ನು ಮನೆಯೊಳಗೆ ಕೂಡಿ, ಹೊರಗಿನಿಂದ ಬೀಗ ಹಾಕಿ, ಅವಳಿಲ್ಲದೆ ಗಿರಣಿಯ ಗೇಟಿಗೆ ಹೋದದ್ದು ಇನ್ನೂ ದೊಡ್ಡ ತಪ್ಪು.

ದುರುಗವ್ವ ಹತ್ತಿ ಗಿರಣಿಯ ಕಾರ್ಮಿಕರ ಮುಂದಾಳು. ಮುಷ್ಕರ ಶುರುವಾದಂದಿನಿಂದ ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತವಳು. ಮಾಲೀಕ ತನ್ನ ಗೂಂಡಾಗಳಿಗೆ ಒಂದೇ ಗುರುತು ಕೊಟ್ಟಿದ್ದ. ಕೆಂಪು ವಸ್ತ್ರದವಳನ್ನು ಹೊಡೆಯಿರಿ ಎಂದಿದ್ದ. ಆ ಮಾತು ಕಾರ್ಮಿಕರ ಕಿವಿಗೆ ಬಿತ್ತು. ಅದಕ್ಕೇ ಅವಳನ್ನು ಕೂಡಿಹಾಕಿದರು.

ಗೇಟಿನ ಮುಂದೆ ಜನ ಸೇರಿದರು. ಕೂರಬೇಕೋ ನಿಲ್ಲಬೇಕೋ ಹೇಳುವವರಿರಲಿಲ್ಲ. ಗಿರಣಿಯ ಮೇಸ್ತ್ರಿ ಹೊರಗೆ ಬಂದು, "ಯಾರನ್ನ ಕಾಯ್ತೀರಪ್ಪಾ? ನಿಮ್ಮ ದುರುಗವ್ವ ರಾಜಿಯಾಗಿ ತವರಿಗೆ ಹೋದ್ಲು" ಎಂದು ನಕ್ಕ. ಅರ್ಧ ಜನ ತಲೆ ತಗ್ಗಿಸಿ ಒಳಗೆ ಹೋದರು. ಉಳಿದವರು ಮನೆಗೆ ಹೋದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಲಿಗೆವ್ವ ಒಬ್ಬಳೇ ಗೇಟಿಗೆ ಅಡ್ಡ ಕೂತಳು. ದುರುಗವ್ವ ಬಂದೇ ಬರುತ್ತಾಳೆ ಎಂದು ದಾರಿ ನೋಡುತ್ತ ಕೂತಳು. ಪೊಲೀಸರು ಅವಳನ್ನು ಎತ್ತಿ ವ್ಯಾನಿಗೆ ಹಾಕಿದರು.

ಸಂಜೆ ಹಾಲೇಶ ಎಂಬ ಕಾರ್ಮಿಕ ಕೊಟ್ರಪ್ಪ ಮೇಷ್ಟ್ರ ಮನೆಗೆ ಬಂದ. ದುರುಗವ್ವನ ಮನೆಗೆ ಬೀಗ ಹಾಕಿದವನು ಅವನೇ. ಕೀಲಿಕೈ ಅವನ ಜೇಬಿನಲ್ಲಿತ್ತು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಗಿರಣಿಯಲ್ಲಿ ನೂಲು ತೆಗೆಯುತ್ತಲೇ ಓದು ಕಲಿತವರು. ಕಾರ್ಮಿಕರು ಅವರಿಗೆ ಆ ಹೆಸರು ಕೊಟ್ಟಿದ್ದರು.

ಹಾಲೇಶ ಕೇಳಿದ: "ಮೇಷ್ಟ್ರೇ, ದುರುಗವ್ವ ಬಾಗಿಲು ಒದೀತಾಳೆ. ನನ್ನನ್ನ ದ್ರೋಹಿ ಅಂತಾಳೆ. ಮುಂದಾಳು ಸತ್ತರೆ ಎಲ್ಲ ಮುಗೀತಲ್ಲ? ಮುಂದಾಳನ್ನ ಕಾಪಾಡೋದು ತಪ್ಪಾ?"

ಮೇಷ್ಟ್ರು ಕೂರು ಎಂದರು. ಕೂತ ಮೇಲೆ ಈ ಕತೆ ಹೇಳಿದರು.

ಮೊದಲ ಮಹಾಯುದ್ಧದ ಕಾಲ. ಜರ್ಮನಿಯ ಒಂದು ವಿಮಾನ ಪಡೆ. ರೈಲು ಹಳಿಯ ಪಕ್ಕದ ಬಯಲಿನಲ್ಲಿ ಡೇರೆ ಹಾಕಿತ್ತು. ಇವತ್ತು ಇಲ್ಲಿ, ಮುಂದಿನ ತಿಂಗಳು ಇನ್ನೆಲ್ಲೋ. ಸರ್ಕಸ್ಸಿನವರ ಹಾಗೆ ಡೇರೆ ಕಿತ್ತು, ವಿಮಾನಗಳನ್ನು ರೈಲಿಗೆ ಏರಿಸಿ ಹೊರಡುವ ಪಡೆ.

ಯಾರಿಗಾಗಿ ಹಾರಿದರು ಎಂದು ಕೇಳಬೇಡ. ದೊರೆಗಾಗಿ ಹಾರಿದರು. ಆ ಕಡೆಯವರೂ ತಮ್ಮ ದೊರೆಗಾಗಿಯೇ ಹಾರಿದರು. ದೊರೆಗಳು ಜಗಳ ಹೂಡಿದರು, ಬಡವರ ಮಕ್ಕಳು ಆಕಾಶದಲ್ಲಿ ಸುಟ್ಟುಹೋದರು. ಅದು ನೀಚ ಯುದ್ಧ. ಅದನ್ನು ಹೊಗಳುವವನ ನಾಲಗೆಗೆ ಹುಳ ಬೀಳಲಿ. ಆದರೆ ಆ ಮಕ್ಕಳು ಒಬ್ಬರಿಗೊಬ್ಬರು ಹೇಗೆ ನಿಂತರು ಎಂದು ಕೇಳು. ಅದನ್ನು ನಾನು ತಲೆಬಾಗಿ ಹೇಳುತ್ತೇನೆ.

ಆ ವಿಮಾನಗಳು ಮರ, ತಂತಿ, ಬಟ್ಟೆ. ಅಷ್ಟೇ. ತಲೆಯ ಮೇಲೆ ಗಾಜಿಲ್ಲ. ಇಂಜಿನ್ನಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ನಾವು ನೆತ್ತಿಗೆ ತಟ್ಟುವ ಅದೇ ಹರಳೆಣ್ಣೆ. ಇಂಜಿನ್ ತಿರುಗಿದರೆ ಎಣ್ಣೆ ಮುಖಕ್ಕೆ ಎರಚುತ್ತಿತ್ತು. ಕನ್ನಡಕಕ್ಕೆ ಮೆತ್ತುತ್ತಿತ್ತು. ಬಾಯಿಗೂ ಹೋಗುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ, ನಿನಗೆ ಗೊತ್ತು. ಗುಂಡಿಗೆ ಹೆದರದ ವೀರರು ಕೆಳಗಿಳಿದ ಕೂಡಲೇ ಪೊದೆ ಹುಡುಕಿ ಓಡುತ್ತಿದ್ದರು.

ಮೇಲೆ ಮಾತಿಲ್ಲ. ಇಂಜಿನ್ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಸುದ್ದಿ ಮುಟ್ಟಿಸುವ ಯಂತ್ರ ಆ ವಿಮಾನಗಳಲ್ಲಿ ಇರಲಿಲ್ಲ. ಮುಂದಾಳು ರೆಕ್ಕೆ ಆಡಿಸಿದರೆ ಹಿಂದೆ ಬನ್ನಿ ಎಂದರ್ಥ. ಅವನು ತಿರುಗಿದರೆ ಎಲ್ಲರೂ ತಿರುಗಬೇಕು. ಅದನ್ನು ಬಿಟ್ಟು ಬೇರೆ ಭಾಷೆ ಇಲ್ಲ.

ಆ ಪಡೆಯ ಮುಂದಾಳು ಒಬ್ಬ ಕಮ್ಮಾರನ ಮಗ. ಉಳಿದವರ ವಿಮಾನಗಳೆಲ್ಲ ಬೂದು ಬಣ್ಣ. ಇವನು ತನ್ನದಕ್ಕೆ ಮೂತಿಯಿಂದ ಬಾಲದವರೆಗೆ ಅರಿಶಿನದಂಥ ಹಳದಿ ಬಳಿಸಿದ್ದ. ಪಡೆಗೆ ಬಂದ ಪ್ರತಿ ಹೊಸಬನಿಗೆ ಅವನು ಹೇಳುತ್ತಿದ್ದದ್ದು ಒಂದೇ ಪಾಠ: "ದಾರಿ ತಪ್ಪಿದರೆ ಹಳದಿ ಹುಡುಕು. ಅದರ ಕೆಳಗೆ ಬಂದು ನಿಲ್ಲು. ಉಳಿದದ್ದು ನನಗೆ ಬಿಡು."

ಇಲ್ಲಿ ಹಾಲೇಶ ಬಾಯಿ ಹಾಕಿದ. "ಶತ್ರುಗೂ ಕಾಣುತ್ತಲ್ಲ ಮೇಷ್ಟ್ರೇ?"

"ಕಾಣುತ್ತದೆ. ಕಾಣಲಿ ಎಂದೇ ಬಳಿಸಿದ್ದ. ತನ್ನ ಕಡೆ ತಿರುಗಿದ ಬಂದೂಕು ಹೊಸಬನ ಕಡೆ ತಿರುಗಿರುವುದಿಲ್ಲ. ಅದು ಅವನ ಲೆಕ್ಕ."

ಪಡೆಗೆ ಒಬ್ಬ ಹೊಸಬ ಬಂದ. ಬ್ರೆಡ್ ಸುಡುವವನ ಮಗ. ದಾರಿಯ ನೆನಪೇ ಇಲ್ಲದವನು. "ಇವನು ಅಪ್ಪನ ಒಲೆಯಿಂದ ಅಂಗಡಿಯ ಕಟ್ಟೆಗೆ ಬರುವುದರೊಳಗೆ ದಾರಿ ತಪ್ಪಿ ಸೈನ್ಯ ಸೇರಿದ್ದಾನೆ" ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಮೊದಲ ಹಾರಾಟದಲ್ಲೇ ಅವನು ಮೋಡದಲ್ಲಿ ಕಳೆದುಹೋದ. ಹಳದಿ ಹುಡುಕಿದ. ಸಿಕ್ಕಿತು. ಅದರ ಕೆಳಗೆ ಕೋಳಿಮರಿಯ ಹಾಗೆ ಸೇರಿಕೊಂಡು ಮರಳಿದ. ಕೆಳಗಿಳಿದವನೇ ಓಡಿಹೋಗಿ ಹಳದಿ ಬಾಲಕ್ಕೆ ಮುತ್ತು ಕೊಟ್ಟ. ಎಲ್ಲರೂ ನಕ್ಕರು. ಮುಂದಾಳು, "ಬಣ್ಣ ಇನ್ನೂ ಹಸಿ ಇದೆ ಕಣೋ, ತುಟಿ ನೋಡಿಕೋ" ಎಂದ.

ದಿನಗಳು ಹೋದವು. ಶತ್ರುಗಳು ಹಳದಿಯನ್ನು ಗುರುತಿಟ್ಟುಕೊಂಡರು. ಅದನ್ನು ಬೀಳಿಸಿದವನೇ ಗಂಡು ಎಂಬ ಮಾತು ಆ ಕಡೆ ಹುಟ್ಟಿತು. ಪ್ರತಿ ಸಲ ವಿಮಾನ ತೂತುಗಳನ್ನು ಹೊತ್ತು ಮರಳುತ್ತಿತ್ತು. ಮೆಕ್ಯಾನಿಕ್ ಒಬ್ಬ ಆ ತೂತುಗಳಿಗೆ ತೇಪೆ ಹಚ್ಚಿ ಮೇಲೆ ಹಳದಿ ಬಳಿಯುತ್ತಿದ್ದ. ಒಂದು ದಿನ ತೇಪೆ ಹಚ್ಚಬೇಕಾದ ಜಾಗ ಮುಂದಾಳಿನ ಬೆನ್ನಿನಿಂದ ಒಂದು ಗೇಣು ದೂರವಿತ್ತು. ಮೆಕ್ಯಾನಿಕ್ ಅದನ್ನು ಉಳಿದವರಿಗೆ ತೋರಿಸಿದ.

ದೊಡ್ಡ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. "ಈ ಬಣ್ಣ ಅಳಿಸು. ನಿನ್ನಂಥವನು ನಮಗೆ ಜೀವಂತ ಬೇಕು" ಎಂದ.

ಮುಂದಾಳು ಹೇಳಿದ: "ಸಾಹೇಬರೇ, ನೀವು ನನ್ನ ಬಣ್ಣ ನೋಡುತ್ತಿದ್ದೀರಿ. ಮೇಲೆ ಅದು ಬಣ್ಣವಲ್ಲ. ಅದು ನನ್ನ ದನಿ."

ಅಧಿಕಾರಿಗೆ ಅರ್ಥವಾಗಲಿಲ್ಲ. ಅವನು ಎಂದೂ ಮೇಲೆ ಹೋದವನಲ್ಲ. ಅವನು ಕಾರು ಹತ್ತಿ ಹೋದ. ಅರ್ಥವಾಗಬೇಕಾಗಿದ್ದದ್ದು ಜೊತೆಗೆ ಹಾರುವವರಿಗೆ. ಅವರಿಗೂ ಆಗಲಿಲ್ಲ. ಅವರಿಗೆ ಮುಂದಾಳಿನ ಮೇಲೆ ಅಷ್ಟು ಪ್ರೀತಿ.

ಒಂದು ಮುಂಜಾನೆ ಮುಂದಾಳು ಗಾಯಗೊಂಡ ಜೊತೆಗಾರನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದ. ಊಟದ ಡೇರೆಯಲ್ಲಿ ಉಳಿದವರು ಸೇರಿದರು. ಅವರಲ್ಲೊಬ್ಬ ಮೊದಲು ಶಾಲೆಯ ಮಾಸ್ತರನಾಗಿದ್ದವನು. "ಅವನು ಉಳಿದರೆ ನಾವು ಉಳಿಯುತ್ತೇವೆ. ಅವನು ಒಪ್ಪುವುದಿಲ್ಲ. ನಾವೇ ಮಾಡೋಣ" ಎಂದ. ಎಲ್ಲರೂ ಹೂಂ ಎಂದರು. ಬ್ರೆಡ್ ಸುಡುವವನ ಮಗನೂ ಹೂಂ ಎಂದ. ಎಲ್ಲರಿಗಿಂತ ಮೊದಲು ಬ್ರಶ್ಶು ಹಿಡಿದವನು ಅವನೇ. ಮುಂದಾಳು ಮರಳುವ ಹೊತ್ತಿಗೆ ಹಳದಿ ವಿಮಾನ ಬೂದಾಗಿತ್ತು. ಉಳಿದವುಗಳ ನಡುವೆ ಅದು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಶತ್ರು ವಿಮಾನಗಳು ಬರುತ್ತಿದ್ದವು. ಮುಂದಾಳು ಓಡಿಬಂದ. ತನ್ನ ವಿಮಾನ ಹುಡುಕಿದ. ಅವನಿಗೇ ಸಿಗಲಿಲ್ಲ. ಮೆಕ್ಯಾನಿಕ್ ಕೈತೋರಿಸಿದ.

"ನನ್ನ ಬಾಯಿ ಹೊಲಿದವರು ಯಾರು?" ಎಂದು ಮುಂದಾಳು ಕೇಳಿದ.

ಬಣ್ಣ ಬದಲಿಸಲು ಹೊತ್ತಿರಲಿಲ್ಲ. ಅವನು ಹತ್ತಿ ಕೂತ. ಎಲ್ಲರೂ ಹಾರಿದರು.

ಮೇಲೆ ಹೋದ ಮೇಲೆ ಮುಂದಾಳಿಗೆ ಸೂರ್ಯನ ಕಡೆಯಿಂದ ಶತ್ರುಗಳ ಇನ್ನೊಂದು ಗುಂಪು ಬರುವುದು ಕಂಡಿತು. ಕಂಡದ್ದು ಅವನೊಬ್ಬನಿಗೆ. ಹಿಂದೆ ಬನ್ನಿ ಎಂದು ರೆಕ್ಕೆ ಆಡಿಸಿದ. ಮತ್ತೆ ಆಡಿಸಿದ. ಬೂದು ವಿಮಾನವೊಂದು ಅಲುಗಿದರೆ ಯಾರು ನೋಡುತ್ತಾರೆ? ಪಡೆ ಚದುರಿತು. ಒಬ್ಬೊಬ್ಬರೂ ತಮಗೆ ತೋಚಿದ ದಿಕ್ಕಿಗೆ ಓಡಿದರು.

ಒಬ್ಬೊಬ್ಬರಾಗಿ ಬಯಲಿಗೆ ಮರಳಿದರು. ಮುಂದಾಳೂ ಮರಳಿದ. ಮೆಕ್ಯಾನಿಕ್ ಓಡಿಹೋಗಿ ವಿಮಾನದ ಸುತ್ತ ಬಂದು ನೋಡಿದ. ರೆಕ್ಕೆ ತಡವಿದ. ಬಾಲ ತಡವಿದ. "ಒಂದು ತೂತೂ ಇಲ್ಲ!" ಎಂದು ಕುಣಿದ. ಉಳಿದವರು ಟೋಪಿ ಹಾರಿಸಿದರು.

ಮುಂದಾಳು ಆಕಾಶ ನೋಡುತ್ತ ನಿಂತಿದ್ದ. ಬ್ರೆಡ್ ಸುಡುವವನ ಮಗ ಬಂದಿರಲಿಲ್ಲ.

ಬರಲೂ ಇಲ್ಲ.

ಮಾಸ್ತರನಾಗಿದ್ದವನು ಮೆಲ್ಲಗೆ ಹೇಳಿದ: "ನಾನು ದೂರದಿಂದ ನೋಡಿದೆ. ಅವನು ಓಡಲಿಲ್ಲ. ಸುತ್ತುತ್ತಿದ್ದ. ಒಂದೊಂದೇ ವಿಮಾನದ ಹತ್ತಿರ ಹೋಗಿ ನೋಡಿ ತಿರುಗುತ್ತಿದ್ದ. ಕೊನೆಗೆ ಹೋದದ್ದು ಶತ್ರುವಿನ ವಿಮಾನದ ಹತ್ತಿರ."

ಆ ಹುಡುಗ ತನ್ನ ಕೈಯಾರೆ ಬೂದು ಬಳಿದಿದ್ದ. ಆದರೂ ಭಯ ಬಂದಾಗ ಹಳದಿಯನ್ನೇ ಹುಡುಕಿದ.

ಮುಂದಾಳು ಹೇಳಿದ: "ಅವನು ನನ್ನ ಪಕ್ಕಕ್ಕೇ ಬಂದಿದ್ದ. ಕೈ ಬೀಸಿದೆ. ಎಣ್ಣೆ ಮೆತ್ತಿದ ಕನ್ನಡಕಕ್ಕೆ ಕೈ ಕಾಣುತ್ತದೆಯೇ? ನನ್ನನ್ನು ನೋಡಿದ. ನಾನಲ್ಲ ಎಂದುಕೊಂಡು ಹೊರಟುಹೋದ."

ಮೆಕ್ಯಾನಿಕ್ ನೆಲಕ್ಕೆ ಕುಸಿದ. "ನಿಮ್ಮನ್ನು ಉಳಿಸಲು ಮಾಡಿದೆವು" ಎಂದು ಅತ್ತ.

ಮುಂದಾಳು ಅವನ ಹೆಗಲು ಹಿಡಿದು ಎಬ್ಬಿಸಿದ. ತನ್ನ ವಿಮಾನದ ಹತ್ತಿರ ಕರೆದೊಯ್ದ. "ನೋಡು. ಈ ಬಟ್ಟೆಗೆ ಬೀಳಬೇಕಾಗಿದ್ದ ತೂತುಗಳು ಅವನ ಮೈಗೆ ಬಿದ್ದವು" ಎಂದ.

ಬೈಯಲಿಲ್ಲ. ಯಾರನ್ನೂ ಶಿಕ್ಷಿಸಲಿಲ್ಲ. ಹಳದಿ ಡಬ್ಬಿ ತರಿಸಿದ. ಬ್ರಶ್ಶು ಹಿಡಿದು ತಾನೇ ಬಳಿಯತೊಡಗಿದ. ಉಳಿದವರು ನಿಂತು ನೋಡಿದರು.

ಅವನು ಮುಗಿಸಿ ಬ್ರಶ್ಶು ಕೆಳಗಿಟ್ಟ. ಮಾಸ್ತರನಾಗಿದ್ದವನು ಆ ಬ್ರಶ್ಶು ಎತ್ತಿಕೊಂಡ. ತನ್ನ ವಿಮಾನಕ್ಕೆ ಹೋದ. ಅದಕ್ಕೂ ಹಳದಿ ಬಳಿದ. ಇನ್ನೊಬ್ಬ ಬಂದು ಬ್ರಶ್ಶು ಕಿತ್ತುಕೊಂಡ. "ನೀನು ಶಾಲೆಯ ಗೋಡೆ ಬಳಿದವನ ಹಾಗೆ ಬಳಿಯುತ್ತೀಯ, ಕೊಡು ಇಲ್ಲಿ" ಎಂದ. ಡಬ್ಬಿ ಖಾಲಿಯಾಯಿತು. ರೈಲಿನವರ ಹತ್ತಿರ ಹೋಗಿ ಬೇಡಿ ಇನ್ನೊಂದು ಡಬ್ಬಿ ತಂದರು. ಕೊನೆಯ ವಿಮಾನಕ್ಕೆ ಸಿಕ್ಕಿದ್ದು ಬಾಲಕ್ಕೆ ಸಾಕಾಗುವಷ್ಟು.

ಮುಂದಾಳು ಒಂದೇ ಕಟ್ಟಳೆ ಹಾಕಿದ: "ಹಳದಿ ಬಳಿದವನು ತನ್ನ ಕೆಳಗೆ ಬಂದು ಸೇರಿದವನನ್ನು ಬಿಟ್ಟು ಬರುವ ಹಾಗಿಲ್ಲ. ಆಗುವುದಿಲ್ಲ ಎನ್ನುವವನು ಈಗಲೇ ಬಣ್ಣ ಅಳಿಸಲಿ."

ಯಾರೂ ಅಳಿಸಲಿಲ್ಲ.

ಮರುದಿನ ಶತ್ರುಗಳಿಗೆ ಆಕಾಶದ ತುಂಬ ಹಳದಿ ಕಂಡಿತು. ಯಾವುದಕ್ಕೆ ಗುರಿ ಇಡಬೇಕು? ಎಲ್ಲಿ ನೋಡಿದರೂ ಮುಂದಾಳು. ಪಡೆಯ ಹೊಸಬರಿಗೂ ಎಲ್ಲಿ ನೋಡಿದರೂ ಮುಂದಾಳು. ಯಾವ ಹಳದಿಯ ಕೆಳಗೆ ಸೇರಿದರೂ ಅದು ಅವರನ್ನು ಮನೆ ಮುಟ್ಟಿಸುತ್ತಿತ್ತು. ಅಲ್ಲಿಂದಾಚೆ ಆ ಪಡೆಯವರು ಹೊಸಬನೊಬ್ಬನನ್ನು ಒಂಟಿಯಾಗಿ ಮೇಲೆ ಬಿಟ್ಟು ಬಂದರು ಎಂದು ಯಾರೂ ಹೇಳಲಿಲ್ಲ. ಶತ್ರುಗಳೂ ಹೇಳಲಿಲ್ಲ.

ಮೇಷ್ಟ್ರು ನಿಲ್ಲಿಸಿದರು.

ಹಾಲೇಶ ಕೇಳಿದ: "ಆ ಮುಂದಾಳು ಉಳಿದನಾ ಮೇಷ್ಟ್ರೇ?"

"ಇಲ್ಲ. ಚಳಿಗಾಲಕ್ಕೆ ಮೊದಲೇ ಸತ್ತ. ಹೊಡೆದವನಿಗೆ ತಾನು ಯಾರನ್ನು ಹೊಡೆದೆ ಎಂಬುದೇ ಗೊತ್ತಾಗಲಿಲ್ಲ. ಮಾರನೆಯ ಬೆಳಿಗ್ಗೆ ಇನ್ನೊಂದು ಹಳದಿ ಅದೇ ಜಾಗದಲ್ಲಿ ಎಲ್ಲರಿಗಿಂತ ಮುಂದೆ ಹಾರುತ್ತಿತ್ತು. ಒಳಗೆ ಕೂತಿದ್ದವನು ಆ ಮಾಸ್ತರ."

ಹಾಲೇಶ ಜೇಬಿಗೆ ಕೈ ಹಾಕಿದ. ಕೀಲಿಕೈ ತೆಗೆದು ಇಬ್ಬರ ನಡುವೆ ನೆಲದ ಮೇಲಿಟ್ಟ. ತಲೆ ಎತ್ತಲಿಲ್ಲ.

ಮೇಷ್ಟ್ರು ಕೀಲಿಕೈಯನ್ನು ಅವನ ಕಡೆಗೇ ತಳ್ಳಿ ಹೇಳಿದರು: "ಹೋಗಿ ಬೀಗ ತೆಗೆ, ಪೇಟೆಯಿಂದ ಕೆಂಪು ಬಟ್ಟೆಯ ಇಡೀ ಸುರುಳಿ ತಾ, ನಾಳೆ ಮೊದಲ ಪಾಳಿಯ ಸೀಟಿ ಕೂಗುವ ಮುಂಚೆ ಗೇಟಿನ ಮುಂದಿರುವ ಒಂದೊಂದು ತಲೆಗೂ ಕಟ್ಟು, ಮೊದಲು ನಿನ್ನ ತಲೆಗೆ ಕಟ್ಟಿಕೋ."